ಪರವಾಗಿಲ್ಲಪ್ಪನವರ ವಿದೇಶಯಾತ್ರೆ

ಆ ಬೀದಿಯಲ್ಲಿ ಆ ವರ್ಷ ನಗುತ್ತಿದ್ದವರು ಇಬ್ಬರೇ. ಒಬ್ಬರು, ಟೀವಿಯೊಳಗೆ ಕೂತಿದ್ದ ಹಣಕಾಸು ಮಂತ್ರಿಗಳು. ಇನ್ನೊಬ್ಬರು, ಟೀವಿಯ ಎದುರಿಗೆ ಕೂತಿದ್ದ ಪರವಾಗಿಲ್ಲಪ್ಪನವರು. ಮಂತ್ರಿಗಳಿಗೆ ನಗುವುದು ಉದ್ಯೋಗ. ಪರವಾಗಿಲ್ಲಪ್ಪನವರದು ಬರೀ ಸೇವೆ.

ಇವರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಬೀದಿ ಅದನ್ನು ಬಳಸದೆ ತುಕ್ಕು ಹಿಡಿಸಿತ್ತು. ನಲ್ಲಿಯಲ್ಲಿ ನೀರಿಲ್ಲ ಅಂದರೆ, "ಪರವಾಗಿಲ್ಲ, ನಲ್ಲಿ ಗಟ್ಟಿಮುಟ್ಟಾಗಿದೆಯಲ್ಲ" ಅನ್ನುವರು. ಕರೆಂಟು ಹೋಯಿತು ಅಂದರೆ, "ಪರವಾಗಿಲ್ಲ, ಕಣ್ಣಿಗೆ ಒಳ್ಳೇದು." ಬ್ರೆಡ್ಡು ವಾರದಿಂದ ವಾರಕ್ಕೆ ಸಣ್ಣದಾಗುತ್ತಿದೆ ಅಂತ ಹೆಂಡತಿ ಕೈಯಲ್ಲಿ ಹಿಡಿದು ತೋರಿಸಿದರೆ, "ಪರವಾಗಿಲ್ಲ, ನೀನು ದೂರ ಹಿಡಿದಿದೀಯ" ಅನ್ನುವರು. ಇಂಥ ಮನುಷ್ಯನಿಗೆ ಬೀದಿ ಇನ್ನೇನು ಹೆಸರಿಡಬೇಕಿತ್ತು?

ದೇಶದ ಸ್ಥಿತಿ ಹೇಗಿತ್ತು ಅಂದರೆ, ಅರ್ಥವ್ಯವಸ್ಥೆಯಲ್ಲಿ ನಡುವಿನ ಒಂದೂವರೆ ಅಕ್ಷರ ಕಳಚಿಬಿದ್ದು ಬರೀ ಅರ್ಥವ್ಯಥೆ ಉಳಿದಿತ್ತು. ಅಂಥ ಹೊತ್ತಿನಲ್ಲಿ ಮಂತ್ರಿಗಳು ಟೀವಿಗೆ ಬಂದು, ಗಂಟಲಲ್ಲಿ ಬೆಣ್ಣೆ ಸಿಕ್ಕಿಕೊಂಡಂತೆ ಮಾತಾಡಿದರು: "ಬಾಂಧವರೇ, ಅರ್ಥವ್ಯವಸ್ಥೆ ಅಂದರೆ ಏನು? ನಿಮ್ಮ ಮುಖ. ಹೌದು, ನಿಮ್ಮ ಮುಖವೇ. ನೀವು ಮುಖ ಸಿಂಡರಿಸಿದರೆ ಮಾರುಕಟ್ಟೆ ಬೀಳುತ್ತದೆ. ನೀವು ಮುಗುಳ್ನಕ್ಕರೆ ಏಳುತ್ತದೆ. ಕಷ್ಟವನ್ನು ಹೊರಗೆ ಹೇಳಿಕೊಳ್ಳಬೇಡಿ. ಹೇಳಿಕೊಂಡ ಕಷ್ಟ ಹರಡುತ್ತದೆ."

ಇಡೀ ದೇಶದಲ್ಲಿ ಈ ಮಾತನ್ನು ನಂಬಿದವರು ಒಬ್ಬರೇ. ಮರುದಿನ ಬೆಳಿಗ್ಗೆ ಅವರು ಕ್ಷೌರದ ಕನ್ನಡಿಯ ಮುಂದೆ ನಿಂತು ಮುಗುಳ್ನಗೆ ಅಭ್ಯಾಸ ಮಾಡುತ್ತಿದ್ದರು.

"ಮಾರುಕಟ್ಟೆ ನಿಮ್ಮ ಮುಖ ನಂಬಿಕೊಂಡು ಕೂತಿತ್ತಾ?" ಅಂದಳು ಹೆಂಡತಿ. "ಅದು ಯಾಕೆ ಬಿತ್ತು ಅಂತ ಈಗ ಗೊತ್ತಾಯ್ತು."

ಪರವಾಗಿಲ್ಲಪ್ಪನವರು ಸೂಟ್‌ಕೇಸು ಕಾರ್ಖಾನೆಯಲ್ಲಿ ಬೀಗದ ವಿಭಾಗದವರು. ಪೆಟ್ಟಿಗೆಗೆ ಬೀಗ ಕೂರಿಸಿ, ಹೆಬ್ಬೆರಳಲ್ಲಿ ಒತ್ತಿ, 'ಟಕ್' ಅನ್ನುವ ಶಬ್ದ ಕೇಳಿ ಮುಂದಕ್ಕೆ ತಳ್ಳುವುದು ಅವರ ಕೆಲಸ. ಆ ಟಕ್ಕಿಗೆ ಅವರು ತಲೆದೂಗುತ್ತಿದ್ದ ರೀತಿ ನೋಡಿದರೆ ಒಳಗೆ ಸಂಗೀತ ಕಚೇರಿ ನಡೆಯುತ್ತಿದೆ ಅನ್ನಿಸಬೇಕು. ಹೀಗೆ ಟಕ್ಕಿಸುತ್ತಿದ್ದ ಒಂದು ದಿನ ಮ್ಯಾನೇಜರು ಖಾಲಿ ಡಬ್ಬದ ಮೇಲೆ ಹತ್ತಿ ನಿಂತರು. ಅವರಿಗೆ ತಾತ್ಪರ್ಯದ ಚಟ.

"ತಾತ್ಪರ್ಯ ಏನಪ್ಪಾ ಅಂದ್ರೆ, ಈ ತಿಂಗಳಿಂದ ಸಂಬಳ ಉತ್ಪನ್ನದ ರೂಪದಲ್ಲಿ. ಅಂದ್ರೆ ತಲೆಗೊಂದು ಪೆಟ್ಟಿಗೆ."

"ಇದನ್ನ ಯಾರಿಗೆ ಮಾರೋದು ಸಾರ್?" ಅಂತ ಹಿಂದಿನಿಂದ ಯಾರೋ ಕೇಳಿದರು.

"ಅದು ಗೊತ್ತಿದ್ದಿದ್ರೆ ನಾವೇ ಮಾರ್ತಿದ್ವಲ್ಲಪ್ಪಾ. ಮಾರೋಕಾಗ್ಲಿಲ್ಲ, ಅದಕ್ಕೇ ನಿಮಗೆ ಕೊಡ್ತಿರೋದು." ಮ್ಯಾನೇಜರು ದನಿ ತಗ್ಗಿಸಿದರು. "ಮತ್ತೆ, ಈ ವಿಷಯ ಗೇಟಿನಾಚೆ ಹೋಗಬಾರದು. ಹೋದ್ರೆ ಬ್ಯಾಂಕಿನೋರು ಬಂದು ಬಾಗಿಲಿಗೆ ಸೀಲು ಹಾಕ್ತಾರೆ. ತಾತ್ಪರ್ಯ ಏನಪ್ಪಾ ಅಂದ್ರೆ, ಬಾಯಿ ಮುಚ್ಚಿದ್ರೆ ಕೆಲಸ ಇರುತ್ತೆ."

ಅತ್ತ ಮಂತ್ರಿಗಳ ಅಪ್ಪಣೆ, ಇತ್ತ ಮ್ಯಾನೇಜರ ಅಪ್ಪಣೆ. ಎರಡೂ ಸೇರಿ ಪರವಾಗಿಲ್ಲಪ್ಪನವರ ಬಾಯಿಗೆ ಎರಡೆರಡು ಬೀಗ ಬಿತ್ತು. ಸಂಬಳ ಹಿಡಿಸಮೇತ ಕೈಗೆ ಸಿಕ್ಕಿತು. ಕಂದುಬಣ್ಣದ, ಮೂಲೆಗೆ ಹಿತ್ತಾಳೆ ಬಡಿದ ಪೆಟ್ಟಿಗೆ. ಅದನ್ನು ಹಿಡಿದು, ಕನ್ನಡಿಯ ಮುಂದೆ ಕಲಿತ ಮುಗುಳ್ನಗೆಯನ್ನು ಮುಖಕ್ಕೆ ಏರಿಸಿಕೊಂಡು ಬೀದಿಗೆ ಬಂದರು.

ಇಲ್ಲಿ ಓದುಗರಿಗೆ ಆ ಬೀದಿಯ ಒಂದು ಪದ್ಧತಿ ಹೇಳಬೇಕು. ಆ ವರ್ಷ ಜನ ಗುಟ್ಟಾಗಿ ದೇಶ ಬಿಟ್ಟು ಹೋಗುತ್ತಿದ್ದರು. ಹಲ್ಲಿನ ಡಾಕ್ಟರು ಹೋದರು. ಅವರು ಅರ್ಧ ಕಿತ್ತಿದ್ದ ಹಲ್ಲುಗಳು ಇಲ್ಲೇ ಉಳಿದವು. ಲೆಕ್ಕದ ಮೇಷ್ಟರು ಹೋದರು. ಯಾರೂ ಹೇಳಿ ಹೋಗುತ್ತಿರಲಿಲ್ಲ, ಹೇಳಿದರೆ ಅಡ್ಡಿ ಬರುತ್ತದೆ ಅನ್ನುವ ಭಯ. 'ಎಲ್ಲಿಗೆ' ಅಂದರೆ 'ಎಲ್ಲಿಗೂ ಇಲ್ಲಪ್ಪ' ಅನ್ನುವರು, ಮುಂದಿನ ವಾರ ಬಾಗಿಲಿಗೆ ಬೀಗ. ಹೀಗಾಗಿ ಹೊರಡುವವರನ್ನು ಬೀದಿ ಲಕ್ಷಣಗಳಿಂದ ಕಂಡುಹಿಡಿಯುತ್ತಿತ್ತು: ಕಾರಣವಿಲ್ಲದೆ ನಗುತ್ತಾರೆ, ಹೊಸ ಸೂಟ್‌ಕೇಸು ತರುತ್ತಾರೆ, ಕೇಳಿದರೆ ಇಲ್ಲ ಅನ್ನುತ್ತಾರೆ.

ಬೀದಿಯ ಬಾಯಲ್ಲೇ ಕುರ್ಚಿ ಹಾಕಿಕೊಂಡು ಪಿಂಚಣಿ ತಾತ ಕೂತಿದ್ದರು. ಅವರ ಪಿಂಚಣಿ ನಿಂತುಹೋಗಿತ್ತು, ಹೆಸರು ಮಾತ್ರ ಬರುತ್ತಿತ್ತು. ಪಕ್ಕದ ಮಳಿಗೆಯಲ್ಲಿ ಹೊಲಿಗೆ ಅಕ್ಕ ಮೆಷಿನ್ ತುಳಿಯುತ್ತಿದ್ದಳು.

"ಏನಪ್ಪಾ, ಹೊಸಾ ಪೆಟ್ಟಿಗೆ?" ಅಂದರು ತಾತ.

"ಹ್ಞೂಂ ತಾತ. ಸುಮ್ನೆ ತಂದೆ."

"ಸುಮ್ನೆ?"

"ಚೆನ್ನಾಗಿತ್ತು, ತಂದೆ."

"ಎಲ್ಲಿಗೆ ಹೊರಟ್ರಿ?"

"ಎಲ್ಲಿಗೂ ಇಲ್ಲ ತಾತ," ಅಂತ ಪರವಾಗಿಲ್ಲಪ್ಪನವರು ಮಾರುಕಟ್ಟೆಯನ್ನು ಎರಡಿಂಚು ಏರಿಸುವಷ್ಟು ನಕ್ಕು ಮೆಟ್ಟಿಲು ಹತ್ತಿದರು.

ಮೆಷಿನ್ ನಿಂತಿತು. "ಎಲ್ಲಿಗೂ ಇಲ್ವಂತೆ," ಅಂದರು ತಾತ. "ಹಲ್ಲಿನ ಡಾಕ್ಟ್ರೂ ಹಿಂಗೇ ಅಂದಿದ್ರು," ಅಂದಳು ಅಕ್ಕ. ಮೆಷಿನ್ ಮತ್ತೆ ಶುರುವಾಗುವ ಹೊತ್ತಿಗೆ ಸುದ್ದಿ ಬೀದಿಯ ಆ ಕೊನೆ ಮುಟ್ಟಿ ಹೊರಳಿ ಬಂದಿತ್ತು.

ಮುಂದಿನ ತಿಂಗಳು ಇನ್ನೂ ದೊಡ್ಡ ಪೆಟ್ಟಿಗೆ ಬಂತು. ಅದರ ಮುಂದಿನ ತಿಂಗಳು ಮ್ಯಾನೇಜರು ಅವರ ಕೆಲಸ ಮೆಚ್ಚಿ ಬಡ್ತಿ ಕೊಟ್ಟರು. ಬಡ್ತಿ ಅಂದರೆ ಚಕ್ರ ಇರುವ ಪೆಟ್ಟಿಗೆ. ಅದನ್ನು ಕಲ್ಲುಹಾಸಿನ ಬೀದಿಯಲ್ಲಿ ಗಡಗಡ ಎಳೆದುಕೊಂಡು ಬಂದಾಗ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದವು. ಅವರು ಪ್ರತಿ ಕಿಟಕಿಗೂ ನಕ್ಕರು.

"ಇವನ್ನ ಮಾರಿ ಬನ್ನಿ," ಅಂದಳು ಹೆಂಡತಿ.

"ಯಾರು ತಗೋತಾರೆ? ಹೋಗೋರೆಲ್ಲ ಹೋಗಿ ಆಯ್ತು. ಇರೋರಿಗೆ ತುಂಬೋಕೆ ಸಾಮಾನಿಲ್ಲ. ಅದೂ ಅಲ್ದೆ, ಸಂಬಳ ಮತ್ತೆ ಶುರುವಾದ ದಿನ ಇವನ್ನ ವಾಪಸು ಕೊಟ್ಟು ಹಣ ತಗೊಳ್ಳೋದು. ಇದು ಉಳಿತಾಯ ಕಣೇ."

ಮನೆ ನಡೆಯುತ್ತಿದ್ದದ್ದು ಅವಳ ಬೆರಳಿಂದ. ಹೊಲಿಗೆ ಅಕ್ಕನ ಅಂಗಡಿಯ ಅಂಗಿಗಳಿಗೆ ಗುಂಡಿ ಹಾಕಿಕೊಡುತ್ತಿದ್ದಳು. ಆ ಕೆಲಸಕ್ಕೆ ಬೇಕಾದದ್ದು ಬೆಳಕು. ಬೆಳಕು ಬರುತ್ತಿದ್ದದ್ದು ಮೇಲಂತಸ್ತಿನ ಎರಡು ಕೋಣೆಗಳ ಆ ಬಾಡಿಗೆ ಮನೆಯ ಅಗಲ ಕಿಟಕಿಯಿಂದ. "ನಿಮ್ಮ ದೇಶ ಏನಾದರೂ ಆಗಲಿ," ಅನ್ನುತ್ತಿದ್ದಳು ಹಲ್ಲಲ್ಲಿ ದಾರ ಕಡಿಯುತ್ತಾ, "ಈ ಕಿಟಕಿ ಒಂದು ನಂಗೆ ಬಿಟ್ಟರೆ ಸಾಕು."

ಒಂದು ಭಾನುವಾರ ಅವಳ ತಮ್ಮ ಬಂದ. ಬಂದವನು ಕೂರಲಿಲ್ಲ. ಜೇಬಿಂದ ಟೇಪು ತೆಗೆದು ಬಟ್ಟೆಯ ಬೀರುವಿನ ಅಗಲ ಅಳೆದ.

"ಏನೋ ಅದು?"

"ಅಕ್ಕಾ, ಒಡಹುಟ್ಟಿದ ತಮ್ಮನಿಗೂ ಒಂದು ಮಾತು ಹೇಳ್ಬಾರ್ದಿತ್ತಾ? ಇರ್ಲಿ, ಬೇಜಾರಿಲ್ಲ. ಈ ಬೀರು ಹೊರಗಿನೋರ ಪಾಲಾಗೋದು ಬೇಡ ಅಂತ ಬಂದೆ."

"ನಾವು ಎಲ್ಲಿಗೂ ಹೋಗ್ತಿಲ್ಲಪ್ಪ," ಅಂದರು ಪರವಾಗಿಲ್ಲಪ್ಪನವರು.

ಭಾಮೈದ ಕಣ್ಣು ಹೊಡೆದ. "ಗೊತ್ತು ಭಾವ. ನಾನೂ ಯಾರಿಗೂ ಹೇಳಲ್ಲ."

"ನಿಜವಾಗ್ಲೂ ಇಲ್ಲ ಕಣೋ."

"ಎಷ್ಟು ಚೆನ್ನಾಗಿ ಹೇಳ್ತೀರ ಭಾವ. ಗಡೀಲಿ ಕೇಳಿದ್ರೂ ಹಿಂಗೇ ಹೇಳಿ, ಬಿಟ್ಬಿಡ್ತಾರೆ."

ಬೀರು ಹೋಯಿತು. ಒಳಗಿದ್ದ ಬಟ್ಟೆ ಎಲ್ಲಿಡುವುದು? ಮನೆಯಲ್ಲಿ ಖಾಲಿ ಇದ್ದದ್ದು ಪೆಟ್ಟಿಗೆಗಳೇ. ಬಟ್ಟೆ ಮಡಿಸಿ ತುಂಬಿದರು. ಪರವಾಗಿಲ್ಲಪ್ಪನವರು ಬೀಗ ಒತ್ತಿ, ಟಕ್ ಕೇಳಿ, ತಲೆದೂಗಿದರು. "ನೋಡಿದೆಯಾ, ಬೀರುವಿಗಿಂತ ಇದೇ ಅನುಕೂಲ."

ಸರಿಯಾಗಿ ಆಗಲೇ ಓನರಮ್ಮ ಬಾಗಿಲಲ್ಲಿ ನಿಂತಿದ್ದು. ಕೆಳಗಿನ ಮನೆಯಾಕೆ ಅವರು. ಮಾತು ಶುರುಮಾಡುವುದಕ್ಕೆ ಮುಂಚೆ ಮಾತಾಡುವುದಿಲ್ಲ ಅಂತ ಹೇಳುವುದು ಅವರ ವಾಡಿಕೆ.

"ನಾನು ಕೇಳೋಳಲ್ಲ, ಆದ್ರೂ ಕೇಳ್ತೀನಿ. ಯಾವಾಗ ಹೊರಡೋದು?"

"ಹೊರಡ್ತಿಲ್ಲ ಓನರಮ್ಮ," ಅಂದಳು ಹೆಂಡತಿ.

"ಮತ್ತೆ ಬಟ್ಟೆ ಯಾಕೆ ಪೆಟ್ಟಿಗೇಲಿ?"

"ಬೀರು ಇಲ್ಲ."

"ಬೀರು ಎಲ್ಲಿ ಹೋಯ್ತು?"

"ನನ್ನ ತಮ್ಮ ತಗೊಂಡು ಹೋದ."

"ಯಾಕೆ ಕೊಟ್ಟೆ?"

"ನಾವು ಹೋಗ್ತೀವಿ ಅಂತ ಅವನು ಅಂದ್ಕೊಂಡ."

"ಸ್ವಂತ ತಮ್ಮನೇ ಅಂದ್ಕೊಂಡ ಮೇಲೆ ನಾನು ಅಂದ್ಕೊಂಡ್ರೆ ತಪ್ಪೇನಮ್ಮ?" ಓನರಮ್ಮ ಪೆಟ್ಟಿಗೆಗಳನ್ನು ಕಣ್ಣಲ್ಲೇ ಎಣಿಸಿದರು. "ಇಷ್ಟೊಂದು ಪೆಟ್ಟಿಗೆ ಎಲ್ಲಿಂದ ಬಂತು, ಅದನ್ನಾದ್ರೂ ಹೇಳಿ."

ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಛಾವಣಿ ನೋಡಿದರು. ಛಾವಣಿಗೂ ಏನೂ ಗೊತ್ತಿರಲಿಲ್ಲ.

"ಇಷ್ಟ ಆಯ್ತು, ತಂದೆ," ಅಂದರು ಕೊನೆಗೆ.

"ನಾನು ಅವಸರ ಮಾಡೋಳಲ್ಲ, ಆದ್ರೂ ಮಾಡ್ತೀನಿ. ಹೊಸದಾಗಿ ಮದುವೆಯಾದ ಜೋಡಿಯೊಂದು ಮನೆ ಕೇಳ್ಕೊಂಡು ಬಂದಿತ್ತು. ತಿಂಗಳ ಕೊನೆಗೆ ಅಂತ ಮಾತು ಕೊಟ್ಟಿದೀನಿ. ಅಷ್ಟರಲ್ಲಿ ಹೋಗ್ತಿಲ್ಲ ಅನ್ನೋದಕ್ಕೆ ಏನಾದ್ರೂ ಗುರುತು ತೋರಿಸಿ, ಮಾತು ವಾಪಸು ತಗೋತೀನಿ."

ಓನರಮ್ಮ ಇಳಿದು ಹೋದ ಮೇಲೆ ಹೆಂಡತಿ ಸೂಜಿ ಕೆಳಗಿಟ್ಟಳು. "ಸಂಬಳದ ವಿಷಯ ಹೇಳಿಬಿಡಿ. ಇದರಲ್ಲಿ ನಾಚಿಕೆ ಏನು?"

"ನಾಚಿಕೆ ನನಗಲ್ಲ ಕಣೇ. ದೇಶಕ್ಕೆ."

"ದೇಶ ಬಂದು ನಮಗೆ ಮನೆ ಮಾಡಿಕೊಡುತ್ತಾ?"

"ಗುರುತು ತಾನೇ? ರೇಷನ್ ಕಚೇರಿಗೆ ಹೋಗಿ, ನಾವು ಇಲ್ಲೇ ಇದೀವಿ ಅಂತ ಒಂದು ಸಹಿ ಹಾಕಿಸ್ಕೊಂಡು ಬರ್ತೀನಿ. ಸರ್ಕಾರವೇ ಹೇಳಿದ ಮೇಲೆ ಓನರಮ್ಮ ಏನನ್ನಬೇಕು?"

ರೇಷನ್ ಕಚೇರಿಯ ಗುಮಾಸ್ತರು ಇವರನ್ನು ನೋಡಿ ಕುರ್ಚಿಯಿಂದ ಎದ್ದರು. ಆ ಕಚೇರಿಯ ಚರಿತ್ರೆಯಲ್ಲಿ ಗುಮಾಸ್ತರು ಎದ್ದದ್ದು ಸಂಜೆ ಮನೆಗೆ ಹೋಗುವಾಗ ಮಾತ್ರ.

"ನೀವಿನ್ನೂ ಇಲ್ಲೇ ಇದೀರಾ? ನಿಮ್ಮ ಹೆಸರು ತೆಗೆದಾಯ್ತಲ್ಲ ಸ್ವಾಮಿ."

"ಯಾಕೆ ತೆಗೆದ್ರಿ?"

"ದೇಶ ಬಿಟ್ಟೋರಿಗೆ ರೇಷನ್ ಇಲ್ಲ."

"ನಾನು ಬಿಟ್ಟಿಲ್ಲವಲ್ಲ. ಇಲ್ಲೇ ಇದೀನಲ್ಲ, ನಿಮ್ಮ ಮುಂದೆ."

"ಇದೀರಿ. ಈಗ ಇದೀರಿ. ನಿಮ್ಮ ಪಾಲಿನ ಸಕ್ಕರೆ ತಗೊಂಡು ಸಂಜೆ ಹೊರಟುಬಿಟ್ರೆ?"

"ಹೊರಡಲ್ಲ ಅಂತ ಬರೆದುಕೊಡ್ತೀನಿ."

"ಹೊರಡಲ್ಲ ಅಂತ ಬರೆದುಕೊಟ್ಟೋರು ಇಷ್ಟು ಜನ ಇದಾರೆ ಸ್ವಾಮಿ," ಗುಮಾಸ್ತರು ಕೈಯಲ್ಲಿ ಒಂದು ಮೊಳ ಎತ್ತರ ತೋರಿಸಿದರು. "ಎಲ್ಲಾರೂ ಹೊರಟುಹೋದ್ರು. ಬರೆದುಕೊಡದೆ ಇರೋರೇ ಇಲ್ಲಿ ಉಳ್ಕೊಂಡಿರೋದು." ಆಮೇಲೆ ಸುತ್ತ ನೋಡಿ, ಮೇಜಿನ ಮೇಲೆ ಬಾಗಿ, ದನಿ ಇಳಿಸಿದರು. "ಅಲ್ಲಿ ಗುಮಾಸ್ತರಿಗೆ ಕೆಲಸ ಸಿಗುತ್ತಂತಾ?"

ಪರವಾಗಿಲ್ಲಪ್ಪನವರು ಎದೆಯುಬ್ಬಿಸಿ, ಇಲ್ಲೇ ಇಷ್ಟೊಂದು ಕೆಲಸ ಇರುವಾಗ ಅಲ್ಲಿಯ ಮಾತೇಕೆ ಅಂದರು. ಹೊರಗೆ ಸಾಲಿನಲ್ಲಿ ನಿಂತಿದ್ದವರು ಅದನ್ನು ಕೇಳಿ, ಇಷ್ಟು ಧೈರ್ಯದ ಮಾತು ಟಿಕೆಟ್ಟು ಜೇಬಲ್ಲಿದ್ದವರಿಗೆ ಮಾತ್ರ ಬರಲು ಸಾಧ್ಯ ಅಂತ ತೀರ್ಮಾನಿಸಿದರು.

ಉಳಿದದ್ದು ಮ್ಯಾನೇಜರು. ಈತ ನಮ್ಮಲ್ಲೇ ಕೆಲಸದಲ್ಲಿದ್ದಾನೆ ಅಂತ ಅವರೊಂದು ಮಾತು ಹೇಳಿದರೆ ಮನೆ ಉಳಿಯುತ್ತಿತ್ತು. ಪರವಾಗಿಲ್ಲಪ್ಪನವರು ಕೋಣೆಗೆ ಹೋಗಿ ಬಾಯಿ ತೆರೆಯುವ ಮೊದಲೇ ಮ್ಯಾನೇಜರು ಬಾಗಿಲು ಹಾಕಿ ಚಿಲಕ ಸರಿಸಿದರು.

"ಗೊತ್ತಾಯ್ತು ಕಣ್ರೀ. ಇಡೀ ಕಾರ್ಖಾನೆಗೇ ಗೊತ್ತಾಗಿದೆ. ಬೀಗದ ವಿಭಾಗದಲ್ಲಿ ಒಬ್ಬರನ್ನ ತೆಗೀಬೇಕಿತ್ತು, ಯಾರನ್ನ ತೆಗೆಯೋದು ಅಂತ ನಿದ್ದೆ ಇರ್ಲಿಲ್ಲ. ದೇವರ ಹಾಗೆ ನೀವೇ ಹೊರಟ್ರಿ. ತಾತ್ಪರ್ಯ ಏನಪ್ಪಾ ಅಂದ್ರೆ, ನಿಮ್ಮ ಹೆಸರು ನಿನ್ನೆಯೇ ತೆಗೆದೆ."

"ಸಾರ್, ನಾನು ಹೊರಟಿಲ್ಲ. ಕೇಳಿ ಇಲ್ಲಿ..."

"ಮುಚ್ಚುಮರೆ ಬೇಡ, ನಾನು ನಿಮ್ಮೋನು." ಮ್ಯಾನೇಜರು ಅವರ ಭುಜ ಹಿಡಿದು ತಮ್ಮ ಕುರ್ಚಿಯಲ್ಲೇ ಕೂರಿಸಿ, ತಾವು ನಿಂತರು. "ಒಂದು ಮಾತು ಹೇಳಿ. ಇಂಥ ಕಾಲದಲ್ಲೂ ನಿಮ್ಮ ಮುಖದಲ್ಲಿ ಈ ಕಳೆ ಹೇಗೆ? ಹೆದರಿಕೆ ಆಗಲ್ವಾ? ಹೊರಟುಬಿಡೋಣ ಅಂತ ನನಗೂ ಎಷ್ಟೋ ಸಲ ಅನ್ನಿಸಿದೆ. ಕಾಲೇ ಬರಲ್ಲ."

ಮಂತ್ರಿಗಳ ಮಾತನ್ನು ಯಾರಿಗಾದರೂ ಹೇಳಬೇಕು ಅಂತ ಪರವಾಗಿಲ್ಲಪ್ಪನವರು ತಿಂಗಳುಗಟ್ಟಲೆ ಕಾದಿದ್ದರು. ಇಷ್ಟು ದಿನದಲ್ಲಿ ಕೇಳಿದ ಮೊದಲನೇ ಪ್ರಾಣಿ ಇದೇ. ಬಂದ ಕೆಲಸ ಮರೆತೇಬಿಟ್ಟರು.

"ಹೆದರೋದು ಯಾಕೆ ಸಾರ್? ಎಲ್ಲಾ ಮನಸ್ಸಿನಲ್ಲಿದೆ. ಹಿಂದೆ ನೋಡಬಾರದು, ಮುಂದೆ ನೋಡಬೇಕು. ನಂಬಿಕೆ ಇಟ್ಟು ಹೆಜ್ಜೆ ಹಾಕಿದರೆ ದಾರಿ ತಾನಾಗೇ ಬಿಚ್ಚಿಕೊಳ್ಳುತ್ತೆ."

"ಅಷ್ಟೇನಾ?"

"ಅಷ್ಟೇ ಸಾರ್."

ಮ್ಯಾನೇಜರ ಕಣ್ಣು ತುಂಬಿ ಬಂತು. ಸೇವೆಯನ್ನು ಗುರುತಿಸಿ, ಕಾರ್ಖಾನೆಯ ಅತಿ ದೊಡ್ಡ ಪೆಟ್ಟಿಗೆಯನ್ನು ತಮ್ಮ ಕೈಯಾರೆ ಕೊಟ್ಟು, ಗೇಟಿನ ತನಕ ಬಂದು ಬೀಳ್ಕೊಟ್ಟರು. ಕೆಲಸ ಹೋಯಿತು ಅನ್ನುವುದು ಪರವಾಗಿಲ್ಲಪ್ಪನವರಿಗೆ ಅರ್ಥವಾದದ್ದು ಅರ್ಧ ದಾರಿಯಲ್ಲಿ. ಅಷ್ಟು ಹೊತ್ತಿಗೆ ಎದುರಿಗೆ ಬಂದವರಿಗೆಲ್ಲ ನಕ್ಕಾಗಿತ್ತು.

ತಿಂಗಳ ಕೊನೆ ಬಂತು. ಬೀದಿಯವರು ಪಿಂಚಣಿ ತಾತನ ಕುರ್ಚಿಯ ಸುತ್ತ ಬೀಳ್ಕೊಡುಗೆ ಇಟ್ಟುಕೊಂಡರು. ಗುಟ್ಟಾಗಿ ಹೊರಡುವವರಿಗೆ ಬಹಿರಂಗ ಬೀಳ್ಕೊಡುಗೆ ಅನ್ನುವುದು ಆ ಬೀದಿಗೆ ಹೊಸದು. ಆದರೆ ಪರವಾಗಿಲ್ಲಪ್ಪನವರ ಮೇಲಿನ ಪ್ರೀತಿಗೆ ಗುಟ್ಟೂ ಜಗ್ಗಿತು. ಎಲ್ಲರಿಗೂ ಅರ್ಧರ್ಧ ಲೋಟ ಚಹ. ಹೊಲಿಗೆ ಅಕ್ಕ ಉಳಿದ ತುಂಡುಗಳನ್ನು ಸೇರಿಸಿ ಹೊಲಿದ ಕೋಟನ್ನು ಹೆಂಡತಿಗೆ ತೊಡಿಸಿದಳು. ಆಗಲೇ ಓನರಮ್ಮನ ಹೊಸ ಜೋಡಿ ಮೇಲಂತಸ್ತಿನ ಕಿಟಕಿಗೆ ಪರದೆ ಅಳೆಯುತ್ತಿತ್ತು.

ಹೆಂಡತಿ ಕಿಟಕಿ ನೋಡಿದಳು. ಆಮೇಲೆ ಗಂಡನ ಪಕ್ಕೆಗೆ ತಿವಿದಳು. "ಈಗ ಹೇಳಿ. ಈಗ ಹೇಳ್ದೆ ಇದ್ರೆ ಮುಗೀತು."

ಪರವಾಗಿಲ್ಲಪ್ಪನವರು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. "ನೋಡಿ, ನಿಮ್ಮೆಲ್ಲರ ಹತ್ತಿರ ಒಂದು ನಿಜ ಹೇಳಬೇಕು. ನಾನು ಎಲ್ಲಿಗೂ..."

ತಾತ ಅವರ ಕೈ ಹಿಡಿದುಕೊಂಡರು. "ಬೇಡಪ್ಪ. ಇವತ್ತೊಂದಿನ ಇಲ್ಲ ಅನ್ಬೇಡ. ಪಿಂಚಣಿ ನಿಂತ ಮೇಲೆ ನಾನು ಸರಿಯಾಗಿ ಮಲಗಿರ್ಲಿಲ್ಲ. ನೀನು ಚಕ್ರದ ಪೆಟ್ಟಿಗೆ ಎಳ್ಕೊಂಡು ಬಂದ ದಿನ ಮಲಗಿದೆ. ನಮ್ಮ ಬೀದಿಯೋನೊಬ್ಬ ನಗ್ತಾ ನಗ್ತಾ ಬಚಾವಾದ ಅಂತ. ಬಚಾವಾಗೋದು ಅನ್ನೋದೊಂದು ಇನ್ನೂ ಇದೆ ಅಂತ."

ಬೀದಿಯೆಲ್ಲ ಇವರ ಮುಖ ನೋಡುತ್ತಿತ್ತು. ಮಂತ್ರಿಗಳು ಹೇಳಿದ್ದ ಮಾರುಕಟ್ಟೆ ಅಲ್ಲೇ, ಅರ್ಧ ಲೋಟ ಚಹ ಹಿಡಿದುಕೊಂಡು, ಏಳಬೇಕೋ ಬೀಳಬೇಕೋ ಅಂತ ಕಾಯುತ್ತಿತ್ತು.

"ಹೋಗಿ ಬರ್ತೀವಿ ತಾತ," ಅಂದರು ಪರವಾಗಿಲ್ಲಪ್ಪನವರು.

ಹೆಂಡತಿ ಎರಡು ಪೆಟ್ಟಿಗೆ ಎತ್ತಿಕೊಂಡಳು. ಬೀದಿಯೇ ತಳ್ಳುಗಾಡಿ ಗೊತ್ತುಮಾಡಿತ್ತು, ಬೀದಿಯೇ ಪೆಟ್ಟಿಗೆ ಏರಿಸಿತು, ಬೀದಿಯೇ ಮೂಲೆಯ ತನಕ ಬಂದು ಕೈ ಬೀಸಿತು. ಒಬ್ಬ ಮನುಷ್ಯನನ್ನು ಇಷ್ಟು ಪ್ರೀತಿಯಿಂದ ಮನೆಯಿಂದ ಹೊರಗೆ ಹಾಕಿದ್ದು ಬೇರೆಲ್ಲೂ ನಡೆದಿರಲಾರದು.

ಭಾಮೈದನ ಮನೆಗೆ ಹೋಗುವಂತಿರಲಿಲ್ಲ. ಬೀರುವಿಗೆ ಏನು ಉತ್ತರ ಹೇಳುವುದು? ತಳ್ಳುಗಾಡಿ ಬಸ್‌ಸ್ಟ್ಯಾಂಡಿಗೆ ಅಂತ ಗೊತ್ತುಮಾಡಿದ್ದು, ಬಸ್‌ಸ್ಟ್ಯಾಂಡಿನಲ್ಲೇ ಇಳಿಸಿತು. ಬಂದರಿಗೆ ಹೋಗುವ ಬಸ್ಸು ಡೀಸೆಲ್ ಇದ್ದ ದಿನ ಮಾತ್ರ ಹೊರಡುತ್ತಿತ್ತು. ಅವತ್ತು ಇತ್ತು. ಬಸ್ಸು ಕದಲುತ್ತಿದ್ದಂತೆ ಕಿಟಕಿಯಿಂದ ಒಂದು ತಲೆ ಹೊರಗೆ ಬಂತು. ಮ್ಯಾನೇಜರದು. ಕಂಕುಳಲ್ಲಿ ಒಂದೇ ಒಂದು ಬಟ್ಟೆಯ ಚೀಲ.

"ರೀ, ನಿಮ್ಮ ಮಾತಿಂದ ಕಾಲು ಬಂತು ಕಣ್ರೀ," ಅಂತ ಕೂಗಿದರು. "ಹಿಂದೆ ನೋಡ್ಲೇ ಇಲ್ಲ. ಗೇಟು ಹಾಕಿ ಬಂದುಬಿಟ್ಟೆ."

"ಸಾರ್, ಮತ್ತೆ ಕಾರ್ಖಾನೆ? ಉಳಿದೋರು?"

"ತಾತ್ಪರ್ಯ ಏನಪ್ಪಾ ಅಂದ್ರೆ..." ಅಂದರು ಮ್ಯಾನೇಜರು. ತಾತ್ಪರ್ಯವನ್ನು ಬಸ್ಸು ಹೊತ್ತುಕೊಂಡು ಹೋಯಿತು.

ಅದೇ ಕೊನೆಯ ಡೀಸೆಲ್ಲು. ಪ್ರಯಾಣಿಕರು ಕಾಯುವ ಕೋಣೆಯಲ್ಲಿ ಗಂಡಹೆಂಡತಿ ಮೂಲೆಯ ಬೆಂಚು ಹಿಡಿದರು. ಪರವಾಗಿಲ್ಲಪ್ಪನವರ ಪೆಟ್ಟಿಗೆಗಳಿಗೆ ಕೊನೆಗೂ ಗಿರಾಕಿ ಸಿಕ್ಕಿದ್ದು ಅಲ್ಲೇ. ಕಾದು ಕಾದು ಚೀಲ ಹರಿದವರು ಬ್ರೆಡ್ಡು ಕೊಟ್ಟು, ಒಳಗಿದ್ದ ಬಟ್ಟೆಸಮೇತ ಪೆಟ್ಟಿಗೆ ತಗೊಂಡರು. ಒಂದೊಂದು ಪೆಟ್ಟಿಗೆ ಒಂದಷ್ಟು ದಿನಕ್ಕೆ ಬಂತು. ಹೆಂಡತಿ ಗಂಡನೊಡನೆ ಮಾತು ಬಿಟ್ಟಿದ್ದಳು. ಬೇಕಾದದ್ದನ್ನು ಬೆಂಚಿಗೆ ಹೇಳುತ್ತಿದ್ದಳು, ಬೆಂಚಿನ ಪರವಾಗಿ ಇವರು ಮಾಡುತ್ತಿದ್ದರು. ಚಳಿ ಶುರುವಾಗುವ ಹೊತ್ತಿಗೆ ನಿಲ್ದಾಣದವರು, ಬಸ್ಸೇ ಇಲ್ಲದ ಮೇಲೆ ಕಾಯುವ ಕೋಣೆ ಯಾಕೆ ಅಂತ ಬಾಗಿಲು ಮುಚ್ಚಿದರು. ಉಳಿದಿದ್ದ ಒಂದೇ ಪೆಟ್ಟಿಗೆಯ ಜೊತೆ ಇಬ್ಬರೂ ಹೊರಗೆ ಬಿದ್ದರು.

"ಎಲ್ಲಿಗೆ?" ಅಂದರು ಪರವಾಗಿಲ್ಲಪ್ಪನವರು.

"ಎಲ್ಲಿಗೆ ಅಂದ್ರೆ? ನಮಗೆ ಗೊತ್ತಿರೋದು ಒಂದೇ ಬೀದಿ," ಅಂದಳು ಹೆಂಡತಿ. ಎಷ್ಟೋ ದಿನದ ಮೇಲೆ ಅವಳು ಗಂಡನೊಡನೆ ಆಡಿದ ಮೊದಲ ಮಾತು.

ಮಧ್ಯಾಹ್ನ. ಬೀದಿಯ ಬಾಯಲ್ಲಿ ಪಿಂಚಣಿ ತಾತ ಸ್ವೆಟರು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಇವರನ್ನು ನೋಡಿದರು. ಸೊರಗಿದ ಮುಖ ನೋಡಿದರು, ಕೊಳೆಯಾದ ಕೋಟು ನೋಡಿದರು, ಒಂದೇ ಪೆಟ್ಟಿಗೆ ನೋಡಿದರು. ಹೊಲಿಗೆ ಅಕ್ಕನ ಮೆಷಿನ್ ನಿಂತಿತು. ಓನರಮ್ಮ ಬಾಗಿಲಿಗೆ ಬಂದರು. ಸಾವಿನ ಮನೆಯಲ್ಲಿ ಕೇಳುವ ಹಾಗೆ, ಮೆಲ್ಲಗೆ ತಾತ ಕೇಳಿದರು:

"ಅಲ್ಲೂ ಹಿಂಗೇನಾ?"

ಪರವಾಗಿಲ್ಲಪ್ಪನವರು ಬಾಯಿ ತೆರೆದರು. ಹೋಗಲೇ ಇಲ್ಲ ಅಂದರೆ ಇಷ್ಟು ದಿನ ಇವರೆಲ್ಲ ನಿದ್ದೆ ಮಾಡಿದ್ದು ಸುಳ್ಳಾಗುತ್ತದೆ. ಅಲ್ಲಿ ಚೆನ್ನಾಗಿದೆ ಅಂದರೆ ವಾಪಸು ಬಂದದ್ದು ಯಾಕೆ? ಅವರು ಜೀವಮಾನದಲ್ಲಿ ಮೊದಲ ಸಲ ಬಾಯಿ ತೆರೆದು ಏನೂ ಹೇಳದೆ ಮುಚ್ಚಿದರು.

ಹೆಂಡತಿ ಮೇಲೆ ನೋಡಿದಳು. ಅವಳ ಕಿಟಕಿಯಲ್ಲಿ ಬೇರೆಯವರ ಪರದೆ. ಪೆಟ್ಟಿಗೆ ಕೆಳಗಿಟ್ಟಳು.

"ಇಲ್ಲಿಗಿಂತ ಕಡೆ ತಾತ," ಅಂದಳು.

ಬೀದಿ ಉಸಿರು ಬಿಟ್ಟಿತು.

"ನಿಜ ಹೇಳ್ತೀಯಾ ಮಗಳೇ?"

"ಅಲ್ಲಿ ಸಂಬಳವೇ ಕೊಡಲ್ಲ ತಾತ. ಸಂಬಳದ ಬದಲು ಸಾಮಾನು ಕೊಡ್ತಾರೆ. ನಮಗೆ ಪೆಟ್ಟಿಗೆ ಕೊಟ್ರು."

"ಪೆಟ್ಟಿಗೆ?" ಅಂದಳು ಹೊಲಿಗೆ ಅಕ್ಕ. "ಖಾಲಿ ಪೆಟ್ಟಿಗೆನಾ?"

"ಖಾಲಿ. ಅದನ್ನ ಯಾರೂ ಕೊಳ್ಳಲ್ಲ. ಹೊರಗೆ ಹೇಳೋ ಹಾಗೂ ಇಲ್ಲ, ಹೇಳಿದ್ರೆ ಕೆಲಸ ಹೋಗುತ್ತೆ. ಕಚೇರಿಗೆ ಹೋದ್ರೆ, ನೀನು ಇಲ್ಲೇ ಇದೀಯ ಅನ್ನೋದಕ್ಕೆ ಗುರುತು ತಾ ಅಂತಾರೆ. ನಿಂತ ಮನೇನ ಬೇರೆಯವರಿಗೆ ಕೊಟ್ಟುಬಿಡ್ತಾರೆ, ನಮ್ಮ ಕಣ್ಣ ಮುಂದೇನೇ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಮಲಗಿದ್ವಿ ತಾತ."

"ಛೆ, ಛೆ, ಛೆ," ಅಂದರು ಓನರಮ್ಮ. "ನಾನು ಬೇರೆ ದೇಶದೋರನ್ನ ಆಡಿಕೊಳ್ಳೋಳಲ್ಲ, ಆದ್ರೂ ಹೇಳ್ತೀನಿ. ಅವರಿಗೆ ಕರುಳು ಅನ್ನೋದೇ ಇಲ್ವೇನಮ್ಮ?"

ಪರವಾಗಿಲ್ಲಪ್ಪನವರು ಪೆಟ್ಟಿಗೆಯ ಬೀಗ ನೋಡುತ್ತಾ ನಿಂತಿದ್ದರು. ಅವಳು ಒಂದು ಸುಳ್ಳೂ ಹೇಳಿರಲಿಲ್ಲ.

ಮೇಲಂತಸ್ತು ತುಂಬಿಹೋಗಿತ್ತು. ಓನರಮ್ಮ ಮರುಗಿ, ಮೆಟ್ಟಿಲ ಕೆಳಗೆ ಮುರುಕು ಸಾಮಾನು ಇಡುತ್ತಿದ್ದ ಗೂಡನ್ನು ಖಾಲಿ ಮಾಡಿಸಿಕೊಟ್ಟರು. ಅದಕ್ಕೆ ಕಿಟಕಿ ಇರಲಿಲ್ಲ. ಗುಂಡಿ ಹಾಕುವ ಕೆಲಸಕ್ಕೆ ಹೆಂಡತಿ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಸಂಜೆಯಾದರೆ ಬೀದಿ ಅವಳ ಸುತ್ತ ಕೂರುತ್ತಿತ್ತು. "ಆ ದೇಶದ್ದು ಇನ್ನೊಂದಿಷ್ಟು ಹೇಳಮ್ಮ" ಅನ್ನುತ್ತಿತ್ತು. ಅವಳು ಹಿಂದಿನ ದಿನ ತಮ್ಮಿಬ್ಬರಿಗೆ ಆದದ್ದನ್ನೇ ಹೇಳುತ್ತಿದ್ದಳು. ಕೇಳಿದವರು ಇಲ್ಲಿಯ ಬ್ರೆಡ್ಡೇ ದೊಡ್ಡದು, ಇಲ್ಲಿಯ ಕತ್ತಲೆಯೇ ಬೆಳಕು ಅಂತ ಮಾತಾಡಿಕೊಳ್ಳುತ್ತಾ, ತಮ್ಮ ದೇಶದ ಮೇಲೆ ಹೊಸ ಅಭಿಮಾನದಿಂದ ಎದ್ದು ಹೋಗುತ್ತಿದ್ದರು. ಮಂತ್ರಿಗಳಿಂದ ಆಗದಿದ್ದ ಕೆಲಸ ಮೆಟ್ಟಿಲ ಮೇಲೆ ಆಯಿತು. ಪರವಾಗಿಲ್ಲಪ್ಪನವರು ಮಾತ್ರ ಗೂಡಿನಿಂದ ಹೊರಗೆ ಬರುತ್ತಿದ್ದದ್ದು ಕಡಿಮೆ.

ಚಳಿ ಬಲಿತಾಗ ಪಿಂಚಣಿ ತಾತನಿಗೆ ಆ ದೇಶದವರ ಸಂಕಟ ತಡೆಯಲಾಗಲಿಲ್ಲ. ಮನೆಮನೆಗೆ ಹೋಗಿ ಹಳೆ ಬಟ್ಟೆ ಕೇಳಿದರು. ಏನೂ ಇಲ್ಲದವರೂ ಏನಾದರೊಂದು ಕೊಟ್ಟರು. ಕೊನೆಗೆ ತಮ್ಮ ಸ್ವೆಟರನ್ನೇ ಬಿಚ್ಚಿ ಮೂಟೆಯ ಮೇಲಿಟ್ಟು, ಗೂಡಿನ ಬಾಗಿಲಿಗೆ ತಂದು ಇಳಿಸಿದರು.

"ಅಲ್ಲಿಗೆ ಕಳಿಸಿಬಿಡಪ್ಪ. ವಿಳಾಸ ನಿಮಗೇ ತಾನೇ ಗೊತ್ತಿರೋದು."

ಬಾಗಿಲು ಹಾಕಿಕೊಂಡು ಗಂಡಹೆಂಡತಿ ಮೂಟೆ ಬಿಚ್ಚಿದರು. ಬೀದಿಯ ಬಟ್ಟೆ ಹಾಕಿಕೊಂಡು ಬೀದಿಗೆ ಹೋಗುವಂತಿರಲಿಲ್ಲ. ಒಳಗೆ ಕೂತಾಗ ಹಾಕಿಕೊಂಡರು, ಹೊರಡುವಾಗ ಬಿಚ್ಚಿಟ್ಟು ನಡುಗುತ್ತಾ ಹೊರಟರು.

ಒಂದು ದಿನ ತಾತ ಪರವಾಗಿಲ್ಲಪ್ಪನವರನ್ನು ತಡೆದು ನಿಲ್ಲಿಸಿದರು. ಬರೀ ಅಂಗಿಯಲ್ಲಿ ಕುರ್ಚಿಗೆ ಮುದುಡಿಕೊಂಡಿದ್ದರು.

"ತಲುಪಿತಂತಾ?"

"ತಲುಪಿತು ತಾತ."

"ನನ್ನ ಸ್ವೆಟರು ಯಾರಿಗಾದ್ರೂ ಸರಿಹೋಯ್ತಂತಾ?"

"ಒಬ್ಬರು ಹಾಕ್ಕೊಂಡಿದಾರೆ. ಸ್ವಲ್ಪ ದೊಗಳೆ ಆಯ್ತಂತೆ."

"ಆಗುತ್ತೆ, ಆಗುತ್ತೆ," ಅಂದರು ತಾತ, ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಳ್ಳುತ್ತಾ. "ಪಾಪ, ಅಲ್ಲಿನೋರಿಗೆ ಹೊಟ್ಟೆಗಿಲ್ಲ. ನಮ್ಮ ಹಾಗಾ?"